ಟೋಕಿಯೋ ಟವರನ್ನು ಮೆಟ್ಟಿಲು ಹತ್ತಿ ನೋಡಿದ್ದು

ಟೋಕಿಯೋ ನಗರವನ್ನು ಎತ್ತರದಿಂದ ನೋಡಬೇಕೆಂದರೆ ಈಗ ಎಲ್ಲರೂ ಹೇಳುವುದು ಸ್ಕೈಟ್ರೀಯ ಹೆಸರನ್ನು. 2012ರಲ್ಲಿ ತೆರೆದ ಆ ಗೋಪುರದ ಎತ್ತರ 634 ಮೀಟರ್. ಹಾಗಿದ್ದರೂ ನಾನು ಶಿಬಾ ಉದ್ಯಾನದ ಪಕ್ಕದಲ್ಲಿರುವ, 333 ಮೀಟರ್ ಎತ್ತರದ ಹಳೆಯ ಟೋಕಿಯೋ ಟವರನ್ನೇ ಆರಿಸಿಕೊಂಡೆ. ವಾರಾಂತ್ಯದಲ್ಲಿ ಅದನ್ನು ಮೆಟ್ಟಿಲುಗಳ ಮೂಲಕವೂ ಹತ್ತಬಹುದು ಎಂಬುದೇ ಇದಕ್ಕೆ ಕಾರಣ. ಗೋಪುರ ಹೇಗೆ ನಿಂತಿದೆ ಎಂಬುದು ಲಿಫ್ಟಿನೊಳಗಿರುವವರಿಗೆ ಕಾಣುವುದಿಲ್ಲ.

ಬುಡದಲ್ಲಿರುವ ಕಟ್ಟಡದ ತಾರಸಿಯಿಂದ 150 ಮೀಟರ್ ಎತ್ತರದ ಮುಖ್ಯ ವೀಕ್ಷಣಾ ಮಹಡಿಯವರೆಗೆ ಸುಮಾರು 600 ಮೆಟ್ಟಿಲುಗಳಿವೆ. ಗೋಡೆಗಳಿಲ್ಲ, ಸುತ್ತಲೂ ಜಾಲರಿ ಮಾತ್ರ. ಹೀಗಾಗಿ ಹತ್ತುವಷ್ಟು ಹೊತ್ತೂ ಗಾಳಿ ಜೊತೆಗೇ ಇರುತ್ತದೆ. ಮೊದಲ ನೂರು ಮೆಟ್ಟಿಲುಗಳನ್ನು ಉತ್ಸಾಹದಿಂದ ಎಣಿಸಿದೆ. ಇನ್ನೂರು ದಾಟಿದ ಮೇಲೆ, ಪ್ರತಿ ತಿರುವಿನಲ್ಲೂ ದೃಶ್ಯ ನೋಡುವ ನೆಪದಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳತೊಡಗಿದೆ.

ಹಾಗೆ ನಿಂತಾಗಲೇ ಕಂಡದ್ದು ರಿವೆಟ್‌ಗಳು, ಅಂದರೆ ತೊಲೆಗಳನ್ನು ಬೆಸೆಯುವ ದಪ್ಪ ಲೋಹದ ಮೊಳೆಗಳು. ಜಾಲರಿಯಾಚೆ, ಕೈಯಳತೆಯಲ್ಲೇ ಇರುವ ಉಕ್ಕಿನ ತೊಲೆಗಳು ಕೂಡುವಲ್ಲೆಲ್ಲ ಅರ್ಧ ನಿಂಬೆಹಣ್ಣಿನಂತಹ ದುಂಡು ತಲೆಗಳು ಸಾಲುಗಟ್ಟಿವೆ. ಮತ್ತೆ ಮತ್ತೆ ಬಳಿದ ಕಿತ್ತಳೆ ಬಣ್ಣ ಅವುಗಳ ಅಂಚಿನಲ್ಲಿ ದಪ್ಪಗೆ ಕೂತಿದೆ. 1957ರ ಜೂನ್‌ನಲ್ಲಿ ಆರಂಭವಾದ ಕೆಲಸ 1958ರ ಡಿಸೆಂಬರ್‌ನಲ್ಲಿ, ಅಂದರೆ ಕೇವಲ ಒಂದೂವರೆ ವರ್ಷದಲ್ಲಿ ಮುಗಿದಿತ್ತು. ಎತ್ತರದಲ್ಲಿ ಕೆಲಸ ಮಾಡುವ ಕುಶಲಕರ್ಮಿಗಳಿಗೆ ಅಲ್ಲಿ ‘ತೋಬಿ’ ಎನ್ನುತ್ತಾರೆ. ಕೆಂಪಗೆ ಕಾದ ರಿವೆಟ್ಟನ್ನು ಒಬ್ಬ ಇಕ್ಕಳದಲ್ಲಿ ಹಿಡಿದು ಎಸೆಯುವುದು, ದೂರದ ತೊಲೆಯ ಮೇಲೆ ನಿಂತ ಮತ್ತೊಬ್ಬ ಅದನ್ನು ಡಬ್ಬಿಯಲ್ಲಿ ಹಿಡಿದುಕೊಳ್ಳುವುದು, ಆರುವ ಮೊದಲೇ ರಂಧ್ರಕ್ಕೆ ಸೇರಿಸಿ ಬಡಿಯುವುದು: ರಿವೆಟ್ ಹಾಕುವ ಕೆಲಸ ಹೀಗೆ ನಡೆದಿತ್ತು ಎಂದು ಓದಿದ್ದೆ. ಓದುವಾಗ ಅದು ಬರಿಯ ಸಾಹಸದ ಕಥೆಯಂತಿತ್ತು. ಕಾಲ ಕೆಳಗಿನ ಜಾಲರಿಯಲ್ಲಿ ಕಾರುಗಳು ಬೆಂಕಿಪೆಟ್ಟಿಗೆಗಳಂತೆ ಕಾಣುವ ಆ ಜಾಗದಲ್ಲಿ, ಕಂಬಿ ಹಿಡಿದ ಕೈಯನ್ನು ಬಿಡಲೂ ನನಗೆ ಮನಸ್ಸಾಗಲಿಲ್ಲ.

ನೋಡಲು ಇದು ಐಫೆಲ್ ಗೋಪುರದ ಅನುಕರಣೆ ಎಂಬ ಮಾತಿದೆ. ಆಕಾರದ ಮಟ್ಟಿಗೆ ಅದು ನಿಜವೂ ಹೌದು. ಆದರೆ ಐಫೆಲ್‌ನ ಕಬ್ಬಿಣದ ತೂಕ ಸುಮಾರು 7300 ಟನ್ ಆದರೆ, ಅದಕ್ಕಿಂತ ಎತ್ತರವಾಗಿರುವ ಇದು ಸುಮಾರು 4000 ಟನ್ ತೂಗುತ್ತದೆ. ಇದನ್ನು ರೂಪಿಸಿದ ತಾಚೂ ನೈತೋ ಭೂಕಂಪ ತಾಳುವ ಕಟ್ಟಡಗಳಲ್ಲಿ ಪರಿಣತರಾಗಿದ್ದರು. ಮೇಲ್ಭಾಗಕ್ಕೆ ಬಳಸಿದ ಉಕ್ಕಿನಲ್ಲಿ ಒಂದಷ್ಟು, ಕೊರಿಯಾ ಯುದ್ಧದಲ್ಲಿ ಜಖಂಗೊಂಡ ಅಮೆರಿಕದ ಟ್ಯಾಂಕ್‌ಗಳನ್ನು ಕರಗಿಸಿ ಪಡೆದದ್ದು. ಕಿತ್ತಳೆ ಮತ್ತು ಬಿಳಿ ಬಣ್ಣಗಳನ್ನು ಯಾರೂ ಚೆಂದಕ್ಕೆಂದು ಆರಿಸಲಿಲ್ಲ. ವಿಮಾನಗಳಿಗೆ ದೂರದಿಂದಲೇ ಕಾಣಬೇಕೆಂಬ ನಿಯಮವೇ ಇದಕ್ಕೆ ಕಾರಣ.

ಮೇಲಿನ ಮಹಡಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಗಾಜು, ಜನಜಂಗುಳಿ, ಫೋಟೋಗಳು. ಮಂಜು ಕವಿದಿದ್ದರಿಂದ ಫ್ಯೂಜಿ ಪರ್ವತ ಕಾಣಲಿಲ್ಲ. ಆದರೆ ಕೆಳಗೆ, ಹಿಂದೆ ಜಪಾನನ್ನು ಆಳಿದ ತೊಕುಗಾವಾ ವಂಶದ ಆರು ಶೋಗನ್‌ಗಳ (ಸೇನಾಡಳಿತಗಾರರ) ಸಮಾಧಿಗಳಿರುವ ಝೋಜೋಜಿ ದೇಗುಲದ ಅಗಲವಾದ ಚಾವಣಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಹೀಗೆ ಮೇಲಿನಿಂದ ನೋಡಲು ಸಿಕ್ಕಿದ್ದಕ್ಕೆ ಸಂತೋಷವಾಯಿತು. ಇನ್ನೊಂದು ದಿಕ್ಕಿನಲ್ಲಿ ಮಸುಕಾಗಿ ಸ್ಕೈಟ್ರೀ. ಟಿವಿ ಪ್ರಸಾರದ ಮುಖ್ಯ ಕೆಲಸ 2013ರಲ್ಲಿ ಅಲ್ಲಿಗೆ ಹೋಯಿತು. ಹಳೆಯ ಗೋಪುರದ ಬಳಿ ಈಗ ಮುಖ್ಯವಾಗಿ ಉಳಿದಿರುವುದು ನಮ್ಮಂಥ ಸಂದರ್ಶಕರು.

ಮೆಟ್ಟಿಲು ಹತ್ತಿ ಬಂದವರಿಗೆ ಅಲ್ಲಿ ಪುಟ್ಟ ಪ್ರಮಾಣಪತ್ರ ಕೊಡುತ್ತಾರೆ. ಮಕ್ಕಳಿಗೆಂದೇ ಮಾಡಿದ್ದಿರಬೇಕು ಎಂದುಕೊಂಡರೂ, ನನ್ನದನ್ನು ಮಡಿಕೆ ಬೀಳದಂತೆ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡೆ. ಇಳಿಯುವಾಗ ಮಾತ್ರ ಮೊಣಕಾಲುಗಳ ಮಾತಿಗೆ ಒಪ್ಪಿ ಲಿಫ್ಟ್ ಹತ್ತಿದೆ.