ಕಷ್ಟ ಆಗ್ತಿಲ್ಲ ತಾನೇ?

"ಕಷ್ಟ ಆಗ್ತಿಲ್ಲ ತಾನೇ ಆಂಟಿ?"

"ಇಲ್ಲಪ್ಪ, ಏನೂ ಗೊತ್ತೇ ಆಗ್ತಿಲ್ಲ."

"ಹಾಂ, ಹಾಗಾದ್ರೆ ಕರೆಕ್ಟಾಗಿದೆ. ಇದೇ ವೇಟ್ ಇರಲಿ."

ಮಂಗಳವಾರ ಬೆಳಿಗ್ಗೆ ಜಿಮ್‌ನಲ್ಲಿ ನನ್ನ ಪಕ್ಕದ ಮಷಿನ್ ಹತ್ತಿರ ಟ್ರೈನರ್‌ಗೂ ಒಬ್ಬ ಆಂಟಿಗೂ ನಡೆದ ಮಾತು ಇಷ್ಟೇ. ಜಗಳ ಇಲ್ಲ, ಯಾರೂ ಯಾರಿಗೂ ಏನೂ ಅಂದಿಲ್ಲ. ಆದರೂ ವಾರ ಮುಗಿಯುತ್ತಾ ಬಂದರೂ ಈ ಮೂರು ಸಾಲು ತಲೆಯಿಂದ ಹೋಗುತ್ತಿಲ್ಲ. ಏನೂ ಗೊತ್ತೇ ಆಗ್ತಿಲ್ಲ ಅಂದರೆ ಕರೆಕ್ಟಾಗಿದೆ ಅಂತೆ.

ಆಂಟಿಗೆ ಅರವತ್ತು ದಾಟಿದೆ. ತಗ್ಗಾದ ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಮಂಡಿ ಮೇಲೆ ಊರಬೇಕು, ಮೆಟ್ಟಿಲು ಇಳಿಯುವಾಗ ಕಂಬಿ ಬೇಕು. ತೊಡೆಗೆ ಬಲ ಬರಬೇಕು, ಜಿಮ್‌ಗೆ ಹೋಗಿ ಅಂತ ಡಾಕ್ಟರೇ ಹೇಳಿ ಕಳಿಸಿದ್ದಾರೆ. ಅವರು ಕೂತಿದ್ದು ಲೆಗ್ ಎಕ್ಸ್‌ಟೆನ್ಷನ್ ಮಷಿನ್‌ನಲ್ಲಿ, ಕೂತಲ್ಲೇ ಮಂಡಿ ಚಾಚಿ ಕಾಲಿನಿಂದ ಭಾರ ಎತ್ತುವಂಥದ್ದು. ಭಾರ ಎಷ್ಟು ಅಂತ ಗೊತ್ತು ಮಾಡುವ ಪಿನ್ ಮೇಲಿನಿಂದ ಎರಡನೇ ತೂತಿನಲ್ಲಿತ್ತು, ಕೆಳಗೆ ಹೋದಷ್ಟೂ ಭಾರ ಜಾಸ್ತಿ. ಕಾಲು ಮೇಲೆ ಕೆಳಗೆ ಆಡಿಸುತ್ತಲೇ ನನ್ನ ಹತ್ತಿರ ಮೊಮ್ಮಗಳ ಪರೀಕ್ಷೆ ವಿಷಯ ಮಾತಾಡುತ್ತಿದ್ದರು. ಒಂದು ವಾಕ್ಯವೂ ತುಂಡಾಗಲಿಲ್ಲ. ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಮೊದಲನೇ ರೆಪ್, ಅಂದರೆ ಒಂದು ಸಲ ಎತ್ತಿ ಇಳಿಸೋದು, ಎಷ್ಟು ಬೇಗ ಮೇಲೆ ಹೋಯಿತೋ ಹದಿನೈದನೆಯದೂ ಅಷ್ಟೇ ಬೇಗ ಹೋಯಿತು. ಲೆಕ್ಕ ಮುಗಿಯಿತು ಅಂತ ನಿಲ್ಲಿಸಿದರು, ತೊಡೆ ಸೋತಿತು ಅಂತ ಅಲ್ಲ.

ಅದೇ ಹೊತ್ತಿಗೆ ಬೆಂಚ್ ಪ್ರೆಸ್ ಹತ್ತಿರ ಇಬ್ಬರು ಹುಡುಗರು. ಒಬ್ಬ ಮಲಗಿದ್ದ, ಇನ್ನೊಬ್ಬ ತಲೆಯ ಹಿಂದೆ ನಿಂತು ಎರಡೂ ಕೈಯಲ್ಲಿ ಬಾರ್ ಹಿಡಿದು ಎಳೆಯುತ್ತಾ "ನೀನೇ, ನೀನೇ ಎತ್ತಿದ್ದು" ಅಂತ ಕೂಗುತ್ತಿದ್ದ. ಮಲಗಿದ್ದವನ ಸೊಂಟ ಬೆಂಚ್ ಬಿಟ್ಟು ಮೇಲೆದ್ದಿತ್ತು. ಬಾರ್ ಎದೆಯವರೆಗೂ ಬರುತ್ತಲೇ ಇರಲಿಲ್ಲ. ಆಂಟಿಗೆ ಇದೇ ವೇಟ್ ಇರಲಿ ಅಂದ ಅದೇ ಟ್ರೈನರ್ ಅಲ್ಲಿಗೆ ಹೋಗಿ ಬಾರ್‌ಗೆ ಇನ್ನೊಂದು ಜೊತೆ ಭಾರದ ಪ್ಲೇಟ್ ಹಾಕಿದ.

ಟ್ರೈನರ್ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರಿಗಿಂತ ಮುಂಚೆ ಬಂದು ಮಷಿನ್ ಒರೆಸುತ್ತಾನೆ, ವಯಸ್ಸಾದವರು ಬಂದರೆ ಎದ್ದು ನಿಲ್ಲುತ್ತಾನೆ, ಆಂಟಿಯ ಕಾಲ ಹತ್ತಿರ ಕೂತು ಪ್ಯಾಡ್ ಸರಿ ಮಾಡಿ ಕೊಡುತ್ತಾನೆ. ನನಗೆ ಅವನ ಮೇಲೆ ಪ್ರೀತಿ ಇದೆ. ಅದಕ್ಕೇ ಇದು ಜಾಸ್ತಿ ಕಾಡಿದ್ದು. ಉಡಾಫೆಯಿಂದ ಹೇಳಿದ್ದರೆ ಬೈದು ಸುಮ್ಮನಾಗಬಹುದಿತ್ತು. ಅವನು ಹೇಳಿದ್ದು ಕಾಳಜಿಯಿಂದ.

ಸ್ನಾಯು ಬೆಳೆಯುವುದು ಹೇಗೆ ಅನ್ನೋದು ಅಂಥ ಗುಟ್ಟೇನಲ್ಲ. ಸ್ನಾಯುವಿನ ಎಳೆಗಳ ಮೇಲೆ ಬಿಗಿತ ಬೀಳಬೇಕು, ಅದೂ ಅವು ಅಭ್ಯಾಸ ಮಾಡಿಕೊಂಡಿದ್ದಕ್ಕಿಂತ ಜಾಸ್ತಿ. ಆದರೆ ಎಲ್ಲಾ ಎಳೆಗಳೂ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ನರಗಳು ಅವನ್ನು ಗುಂಪು ಗುಂಪಾಗಿ ಕರೆಯುತ್ತವೆ, ಮೊದಲು ಸಣ್ಣ ಗುಂಪು, ಅದಕ್ಕೆ ಆಗದಿದ್ದರೆ ದೊಡ್ಡ ಗುಂಪು. ಎಲ್ವುಡ್ ಹೆನ್ನೆಮನ್ ಎಂಬ ವಿಜ್ಞಾನಿ 1960ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟರು. ದೊಡ್ಡ ಗುಂಪಿನಲ್ಲಿರುವುದು ವೇಗದ ಎಳೆಗಳು, ಅಂದರೆ ಬೇಗ ಬಿಗಿಯುವಂಥವು. ಬಲ ಅವಕ್ಕೇ ಜಾಸ್ತಿ, ಬೆಳೆಯುವ ಶಕ್ತಿಯೂ ಅವಕ್ಕೇ ಜಾಸ್ತಿ. ಅವನ್ನು ಕರೆಯೋಕೆ ಎರಡು ದಾರಿ. ಒಂದು, ಭಾರ ಜಾಸ್ತಿ ಇರಬೇಕು. ಇಲ್ಲಾ, ಹಗುರ ಭಾರವನ್ನೇ ಸಣ್ಣ ಎಳೆಗಳು ಸುಸ್ತಾಗುವವರೆಗೂ ಎತ್ತುತ್ತಾ ಹೋಗಬೇಕು, ಆಗ ಕೊನೆಯ ಕೆಲವು ರೆಪ್‌ಗಳಿಗೆ ದೊಡ್ಡವು ಬಂದೇ ಬರುತ್ತವೆ. ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ 30 ಶೇಕಡಾದಷ್ಟು ಇಟ್ಟುಕೊಂಡು ಮಾಡಿದರೂ, 80 ಶೇಕಡಾ ಇಟ್ಟುಕೊಂಡು ಮಾಡಿದರೂ, ಇನ್ನು ಎತ್ತಲಾಗದೆ ಸೋಲುವ ಹತ್ತಿರ ಹೋದರೆ ಸ್ನಾಯುವಿನ ಗಾತ್ರ ಹೆಚ್ಚುಕಮ್ಮಿ ಒಂದೇ ರೀತಿ ಬೆಳೆಯುತ್ತದೆ ಅಂತ ಕಳೆದ ಹತ್ತು ಹದಿನೈದು ವರ್ಷದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಬಲ ಹೆಚ್ಚಾಗೋದಕ್ಕೆ ಮಾತ್ರ ದೊಡ್ಡ ಭಾರವೇ ಒಳ್ಳೆಯದು.

ಹಾಗಾಗಿ ಆಂಟಿಯ ವೇಟ್ ಕಡಿಮೆ ಇತ್ತು ಅನ್ನೋದಷ್ಟೇ ನನ್ನ ತಕರಾರಲ್ಲ. ಅದೇ ವೇಟ್‌ನಲ್ಲಿ ಮೂವತ್ತು, ಮೂವತ್ತೈದು ಮಾಡಿ ಕಾಲು ನಡುಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಅಲ್ಲಿ ಏನೂ ಆಗಲಿಲ್ಲ, ಆಗಲಿಲ್ಲ ಅಂತ ಅವನು ಖುಷಿಪಟ್ಟ. ಅದು ನನಗೆ ಹಿಡಿಸಲಿಲ್ಲ.

ಸೋಲುವ ಹತ್ತಿರ ಅಂದರೆ ಎಷ್ಟು ಹತ್ತಿರ? ಪ್ರತಿ ಸೆಟ್‌ನಲ್ಲೂ, ಅಂದರೆ ನಿಲ್ಲಿಸದೆ ಮಾಡುವ ಒಂದೊಂದು ಸುತ್ತಿನಲ್ಲೂ, ಪೂರ್ತಿ ಸೋಲಬೇಕಿಲ್ಲ. ಇನ್ನೊಂದು, ಎರಡು, ಹೆಚ್ಚೆಂದರೆ ಮೂರು ಸರಿಯಾಗಿ ಮಾಡಬಹುದಿತ್ತು ಅನ್ನುವಾಗ ನಿಲ್ಲಿಸಿದರೆ ಸಾಕು. ಹೊಸಬರಿಗೆ ಈ ಅಂದಾಜು ಸಿಗುವುದು ಕಷ್ಟ, ಆದರೆ ಕಣ್ಣಿಗೆ ಕಾಣುವ ಗುರುತು ಒಂದಿದೆ. ಎಷ್ಟೇ ಜೋರಾಗಿ ತಳ್ಳಿದರೂ ಭಾರ ತಾನಾಗಿಯೇ ನಿಧಾನ ಆಗುತ್ತದೆ. ನಾವು ಬೇಕಂತ ನಿಧಾನ ಮಾಡಿದ್ದು ಬೇರೆ, ಅದಾಗಿಯೇ ನಿಧಾನ ಆಗಿದ್ದು ಬೇರೆ. ಹದಿನೈದನೆಯದು ಮೊದಲನೆಯದರಷ್ಟೇ ಬೇಗ ಹೋಯಿತಲ್ಲ, ಅಂದರೆ ದೊಡ್ಡ ಎಳೆಗಳನ್ನು ಅವತ್ತು ಯಾರೂ ಕರೆದೇ ಇಲ್ಲ.

ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತಾ ಹೋಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ಅದರಲ್ಲೂ ಜಾಸ್ತಿ ಸಣ್ಣಗಾಗುವುದು ಇದೇ ವೇಗದ ಎಳೆಗಳು. ಎಡವಿದಾಗ ಫಕ್ಕನೆ ಕಾಲು ಮುಂದಿಟ್ಟು ಬೀಳದ ಹಾಗೆ ತಡೆಯೋಕೆ, ಕುರ್ಚಿಯಿಂದ ಒಂದೇ ಸಲಕ್ಕೆ ಏಳೋಕೆ ಅವೇ ಬೇಕು. ಅಂದರೆ ಆಂಟಿಯ ವಯಸ್ಸು ಯಾವ ಎಳೆಗಳನ್ನು ಮೊದಲು ಕಿತ್ತುಕೊಳ್ಳುತ್ತಿದೆಯೋ, ಅವನ್ನೇ ನಾವು "ಕಷ್ಟ ಬೇಡ" ಅಂತ ಹೇಳಿ ಖಾಲಿ ಕೂರಿಸಿದ್ದೇವೆ. ಬೆಂಚ್ ಹತ್ತಿರದ ಹುಡುಗನಿಗೆ ಒಂದು ತಿಂಗಳು ತಪ್ಪಾದರೆ ಏನೂ ಕಳೆದುಹೋಗುವುದಿಲ್ಲ, ಅವನಿಗೆ ಕಾಲ ಇದೆ. ಆಂಟಿಗೆ ಅಷ್ಟು ಕಾಲ ಎಲ್ಲಿದೆ?

ಬುಧವಾರ ಟ್ರೈನರ್ ಒಬ್ಬನೇ ಇದ್ದಾಗ ಕೇಳಿಯೇಬಿಟ್ಟೆ. ಅವನು ಮುಖ ಸಣ್ಣಗೆ ಮಾಡಿಕೊಂಡ. "ಅಕ್ಕಾ, ಏನಾದ್ರೂ ಆದ್ರೆ ನನ್ನ ತಲೆಗೇ ಬರುತ್ತೆ" ಅಂದ. ಪ್ರಾಮಾಣಿಕ ಉತ್ತರ. ಅವನ ಕೆಲಸ, ಅವನ ಸಂಬಳ, ಅವನ ಭಯ. ನಾನು ವಾದ ಮಾಡಲಿಲ್ಲ. ಆದರೆ ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಏನಾದ್ರೂ ಆದ್ರೆ ಅಂತ ನಾವು ಹೆದರುವುದು ಜಿಮ್ ಒಳಗೆ ಆಗುವುದಕ್ಕೆ ಮಾತ್ರ. ಎರಡು ವರ್ಷದ ನಂತರ ಆಂಟಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅದು ಯಾರ ತಲೆಗೂ ಬರುವುದಿಲ್ಲ. ವಯಸ್ಸಾಗಿತ್ತು ಪಾಪ ಅಂತೀವಿ, ಅಷ್ಟೇ.

ಅವನಿಗೆ ಎರಡು ವಿಷಯ ಹೇಳಿದೆ. ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುವ ಈ ಪದ್ಧತಿಯನ್ನು ವೈದ್ಯಲೋಕದಲ್ಲಿ ಗಟ್ಟಿ ಮಾಡಿದವರು ಥಾಮಸ್ ಡಿಲೋರ್ಮ್, ಅಮೆರಿಕದ ಸೇನೆಯ ಡಾಕ್ಟರ್. 1940ರ ದಶಕದಲ್ಲಿ, ಯುದ್ಧದಲ್ಲಿ ಮಂಡಿಗೆ ಪೆಟ್ಟು ಬಿದ್ದು ತೊಡೆ ಸೊರಗಿ ಹೋದ ಸೈನಿಕರು ಆಸ್ಪತ್ರೆಯಲ್ಲಿ ತುಂಬಿದ್ದರು. ಹಗುರ ಭಾರ, ಬೇಕಾದಷ್ಟು ಸಲ ಅನ್ನೋದು ಆಗಿನ ಚಿಕಿತ್ಸೆ. ಡಿಲೋರ್ಮ್ ಅದನ್ನು ತಿರುಗಿಸಿ ಹಾಕಿದರು. ಹತ್ತೇ ಸಲ ಎತ್ತಲು ಆಗುವಷ್ಟು ಭಾರ ಎಷ್ಟು ಅಂತ ಮೊದಲು ಕಂಡುಹಿಡಿದು, ಅದನ್ನು ವಾರ ವಾರ ಏರಿಸಿದರು. 1948ರ ಹೊತ್ತಿಗೆ ಅದನ್ನು ಮೂರೇ ಸೆಟ್‌ಗೆ ಇಳಿಸಿದರು: ಹತ್ತು ಸಲ ಆ ಭಾರದ ಅರ್ಧದಲ್ಲಿ, ಹತ್ತು ಸಲ ಮುಕ್ಕಾಲಿನಲ್ಲಿ, ಹತ್ತು ಸಲ ಪೂರ್ತಿ ಭಾರದಲ್ಲಿ. ಹುಡುಗರು ಇವತ್ತು ಕನ್ನಡಿ ಮುಂದೆ ಮಾಡುವ ಮೂರು ಸೆಟ್, ಹತ್ತು ರೆಪ್‌ನ ಬೇರು ಪೆಟ್ಟಾದ ಮಂಡಿಗಳ ವಾರ್ಡ್‌ನಲ್ಲಿದೆ. ಇದು ಆಂಟಿಯಂಥವರದ್ದೇ ಸೊತ್ತು.

ಇನ್ನೊಂದು, 1990ರಲ್ಲಿ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಮತ್ತವರ ಜೊತೆಯವರು ಪ್ರಕಟಿಸಿದ ಅಧ್ಯಯನ. ಆರೈಕೆ ಕೇಂದ್ರದಲ್ಲಿದ್ದ ಹತ್ತು ಜನ ವೃದ್ಧರು, ವಯಸ್ಸು 86ರಿಂದ 96. ಮಷಿನ್ ಆಂಟಿ ಕೂತಿದ್ದ ಥರದ್ದೇ, ಮಂಡಿ ಚಾಚುವ ವ್ಯಾಯಾಮವೇ. ವಾರಕ್ಕೆ ಮೂರು ದಿನ, ಮೂರು ಸೆಟ್, ಎಂಟೆಂಟು ರೆಪ್. ಮೊದಲ ವಾರ ಗರಿಷ್ಠ ಭಾರದ ಅರ್ಧ, ಆಮೇಲೆ 80 ಶೇಕಡಾ. ಎಂಟು ವಾರ ಆದ ಮೇಲೆ, ಕೊನೆಯವರೆಗೂ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತ್ತು, ತೊಡೆಯ ಸ್ನಾಯು 9 ಶೇಕಡಾ ದಪ್ಪ ಆಗಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಂಬತ್ತರ ಸುತ್ತಮುತ್ತ ಇದ್ದವರು! ಸ್ನಾಯುವಿಗೆ ವಯಸ್ಸು ಗೊತ್ತಾಗುತ್ತೆ ನಿಜ, ಆದರೆ ಕೆಲಸ ಕೊಟ್ಟರೆ ಅದು ಇಲ್ಲ ಅನ್ನುವುದಿಲ್ಲ.

ಅವನು ಕೇಳಿಸಿಕೊಂಡ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಗುರುವಾರ ಆಂಟಿ ಬಂದಾಗ ಅವನೇ ಮೊದಲು ಹಗುರದಲ್ಲಿ ಒಂದು ಸೆಟ್ ಮಾಡಿಸಿ, ಆಮೇಲೆ ಪಿನ್ ಎರಡು ತೂತು ಕೆಳಗೆ ಹಾಕಿದ. ಆಂಟಿ ಮಾತಾಡುತ್ತಲೇ ಶುರು ಮಾಡಿದರು. ಏಳನೇ ರೆಪ್‌ಗೆ ಮಾತು ನಿಂತಿತು. ಒಂಬತ್ತನೆಯದು ಅರ್ಧಕ್ಕೆ ಬಂದು ಕ್ಷಣ ತಡೆದು ಆಮೇಲೆ ಮೇಲೆ ಹೋಯಿತು, ಮಂಡಿಯ ಮೇಲ್ಗಡೆ ಪ್ಯಾಂಟಿನ ಮೇಲಿಂದಲೂ ಸ್ನಾಯು ಗಂಟು ಕಟ್ಟಿದ್ದು ಕಂಡಿತು. "ಕಷ್ಟ ಆಗ್ತಿದ್ಯಾ ಆಂಟಿ?" ಅಂದ. "ಹೂಂ ಕಣಪ್ಪಾ" ಅಂದರು ಹಲ್ಲು ಕಚ್ಚಿ. ಅವನ ಕೈ ತಾನಾಗಿಯೇ ಪಿನ್ ಕಡೆ ಹೋಯಿತು, ಮುಟ್ಟದೆ ವಾಪಸ್ ಬಂತು. "ಮಂಡಿ ಒಳಗೆ ನೋವಾ, ತೊಡೆ ಉರಿನಾ?" ಅಂತ ಕೇಳಿದ. ತೊಡೆ ಅಂದರು. "ಇನ್ನೊಂದು ಮಾಡಿ."

ಆ ಪ್ರಶ್ನೆ ನಾನು ಹೇಳಿಕೊಟ್ಟಿದ್ದಲ್ಲ. ಅವನಿಗೇ ಹೊಳೆದಿದ್ದು, ಮತ್ತು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಕೀಲಿನೊಳಗೆ ಚುಚ್ಚುವ ನೋವು ಬಂದರೆ ನಿಲ್ಲಿಸಲೇಬೇಕು. ಸ್ನಾಯು ಉರಿದರೆ, ನಡುಗಿದರೆ ಅದು ಕೆಲಸದ ಗುರುತು. ಮಾರನೇ ದಿನ ಮೈ ಕೈ ನೋವು ಬರಲಿಲ್ಲ ಅಂದರೆ ಏನೂ ಆಗಿಲ್ಲ ಅಂತಲೂ ಅಲ್ಲ, ಆ ನೋವು ಅಭ್ಯಾಸ ಇಲ್ಲದ್ದನ್ನು ಮಾಡಿದ್ದಕ್ಕೆ ಬರುತ್ತೆ, ಬೆಳವಣಿಗೆಯ ಅಳತೆ ಅಲ್ಲ. ಆಂಟಿಗೆ ಇದನ್ನೂ ಹೇಳಿದೆ, ಯಾಕೆಂದರೆ ನೋವು ಬರಲಿಲ್ಲ ಅಂತ ಮುಂದಿನ ಸಲ ಬೇಜಾರು ಮಾಡಿಕೊಳ್ಳುವ ಸ್ವಭಾವ ಅವರದು.

ಸೆಟ್ ಮುಗಿದ ಮೇಲೆ ಆಂಟಿ ತಕ್ಷಣ ಇನ್ನೊಂದು ಶುರು ಮಾಡಲು ಹೋದರು, ಸುಮ್ನೆ ಕೂತರೆ ಬೇರೆಯವರು ಏನಂದುಕೊಳ್ತಾರೋ ಅಂತ. ಎರಡು ಮೂರು ನಿಮಿಷ ಕೂರಲೇಬೇಕು. 2016ರ ಒಂದು ಪ್ರಯೋಗದಲ್ಲಿ ಒಂದು ನಿಮಿಷ ವಿರಾಮ ತೆಗೆದುಕೊಂಡವರಿಗಿಂತ ಮೂರು ನಿಮಿಷ ತೆಗೆದುಕೊಂಡವರಿಗೆ ಬಲವೂ ಜಾಸ್ತಿ ಬಂತು, ತೊಡೆಯ ಮುಂಭಾಗವೂ ಜಾಸ್ತಿ ಬೆಳೆಯಿತು. ಏದುಸಿರು ಬಿಡುತ್ತಾ ಓಡಾಡಿದರೆ ಬೆವರು ಬರುತ್ತೆ, ಆದರೆ ಮುಂದಿನ ಸೆಟ್‌ನಲ್ಲಿ ತೊಡೆ ಸೋಲುವ ಮುಂಚೆ ಉಸಿರು ಸೋಲುತ್ತದೆ. ಉಳಿದದ್ದೆಲ್ಲ ಬೇಗ ಹೇಳಿ ಮುಗಿಸಬಹುದು. ಇಳಿಸುವಾಗ ಎರಡು ಮೂರು ಸೆಕೆಂಡ್ ತೆಗೆದುಕೊಳ್ಳಿ, ದಬಕ್ಕಂತ ಬಿಡಬೇಡಿ. ಸ್ನಾಯು ಪೂರ್ತಿ ಹಿಗ್ಗುವ ಜಾಗದವರೆಗೂ ಹೋಗಿ, ಅಲ್ಲೇ ಜಾಸ್ತಿ ಫಲ. ಒಂದು ಸ್ನಾಯುವಿಗೆ ವಾರಕ್ಕೆ ಹತ್ತು ಸೆಟ್ ಒಳ್ಳೆಯ ಗುರಿ, ಹೊಸಬರಿಗೆ ಅದರ ಅರ್ಧವೂ ಸಾಕು, ಎರಡು ದಿನಕ್ಕೆ ಹಂಚಿ. ಪ್ರೋಟೀನ್ ದೇಹದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ, ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ. ನಿದ್ದೆ. ಮತ್ತೆ ಒಂದು ನೋಟ್‌ಬುಕ್, ಎಷ್ಟು ಭಾರ, ಎಷ್ಟು ಸಲ ಅಂತ. ಹತ್ತು ಆಗುತ್ತಿದ್ದದ್ದು ಹನ್ನೆರಡು ಆದರೆ ಪಿನ್ ಒಂದು ಕೆಳಗೆ. ಇದರಾಚೆಗೆ ಹುಡುಗರು ಫೋನಿನಲ್ಲಿ ನೋಡಿಕೊಂಡು ಬರುವ ನೂರೆಂಟು ವರಸೆಗಳಿಗೆ ನಾನು ಬೆಲೆ ಕೊಡುವುದಿಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಯಾರಿಗೆ ಕಷ್ಟ ಕೊಡಬಹುದು, ಯಾರಿಗೆ ಕೊಡಬಾರದು ಅಂತ ನಾವು ಮುಖ ನೋಡಿಯೇ ತೀರ್ಮಾನ ಮಾಡಿಬಿಡುತ್ತೇವೆ. ಹುಡುಗ ಬಂದರೆ ಪ್ಲೇಟ್ ಹಾಕು. ಹೆಂಗಸು ಬಂದರೆ ಬಣ್ಣದ ಸಣ್ಣ ಡಂಬೆಲ್, ಭಾರ ಎತ್ತಿದರೆ ಗಂಡಸರ ಹಾಗೆ ಆಗ್ತೀರಿ ಅನ್ನುವ ಹೆದರಿಕೆ ಬೇರೆ. ವರ್ಷಗಟ್ಟಲೆ ಎತ್ತುವ ಹುಡುಗರಿಗೇ ಗಾತ್ರ ಬರಲು ಒದ್ದಾಟ, ಇನ್ನು ಇವರಿಗೆ ಹಾಗೆ ಸುಮ್ಮನೆ ಬಂದುಬಿಡುತ್ತಾ? ವಯಸ್ಸಾದವರು ಬಂದರೆ ಟ್ರೆಡ್‌ಮಿಲ್. ಮನೆಯಲ್ಲೂ ಅಷ್ಟೇ, ಅವರ ಕೈಯಿಂದ ಚೀಲ ಕಿತ್ತುಕೊಳ್ಳುತ್ತೇವೆ, ಕೂತಲ್ಲಿಗೇ ಎಲ್ಲಾ ತಂದುಕೊಡುತ್ತೇವೆ, ಅದನ್ನು ಪ್ರೀತಿ ಅನ್ನುತ್ತೇವೆ. ಪ್ರೀತಿಯೇ ಅದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅವರ ಕಾಲಿಗೆ ಕೆಲಸ ಉಳಿಸಿಕೊಡದ ಪ್ರೀತಿ.

ನಿನ್ನೆ ಹೊರಡುವಾಗ ಟ್ರೈನರ್ ಬಾಗಿಲವರೆಗೂ ಬಂದ. ಸಂಜೆ ಬ್ಯಾಚ್‌ನಲ್ಲಿ ಎಪ್ಪತ್ತು ದಾಟಿದ ಒಬ್ಬರು ಬರುತ್ತಾರಂತೆ, ದಿನಾ ಟ್ರೆಡ್‌ಮಿಲ್ ಮಾತ್ರ. "ಅವರಿಗೂ ಶುರು ಮಾಡ್ಸಲಾ ಅಕ್ಕಾ? ಬಿಪಿ ಇದೆ ಅವರಿಗೆ" ಅಂದ. ಮೊದಲು ಅವರ ಡಾಕ್ಟರ್ ಹೂಂ ಅನ್ನಲಿ, ಎತ್ತುವಾಗ ಉಸಿರು ಕಟ್ಟದ ಹಾಗೆ ನೋಡಿಕೋ, ಮೊದಲ ವಾರ ಹಗುರ ಇರಲಿ ಅಂದೆ. ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಮಷಿನ್‌ನಿಂದ ಶುರು ಮಾಡುತ್ತೀನಿ ಅಂದ ಅವನು. ಕುರ್ಚಿಯಿಂದ ಎದ್ದು ಕೂರೋದನ್ನೇ ಮೊದಲು ಮಾಡಿಸು, ಎಷ್ಟು ಸಲ ಆಗುತ್ತೆ ಅಂತ ಬರೆದಿಟ್ಟುಕೋ ಅಂದೆ ನಾನು. ಅದರ ಬಗ್ಗೆ ಇಬ್ಬರಿಗೂ ಇನ್ನೂ ಒಮ್ಮತ ಆಗಿಲ್ಲ.