ಜಾತಿಲುವಿಹ್‌ನಲ್ಲಿ ಒಂದು ಗುಂಟೆ

ಬಾಲಿಯ ತಬನಾನ್ ಜಿಲ್ಲೆಯ ಜಾತಿಲುವಿಹ್ ಎಂಬ ಹಳ್ಳಿಯಲ್ಲಿ ಗದ್ದೆಗೆ ಮುಖಮಾಡಿದ ಜಾಗವಿದೆ, ಹಣ ಹೂಡಬಹುದು ಎಂಬ ಜಾಹೀರಾತನ್ನು ಗೆಳೆಯರೊಬ್ಬರು ಇಂದು ಬೆಳಿಗ್ಗೆ ಕಳುಹಿಸಿದರು. ಅಲ್ಲಿ ಬೆಲೆ ಹೇಳುವುದು ‘ಆರ್’ ಲೆಕ್ಕದಲ್ಲಿ. ಒಂದು ಆರ್ ಎಂದರೆ 100 ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ.

ಇಂಡೊನೇಷ್ಯಾದ 1960ರ ಭೂ ಕಾಯ್ದೆಯಂತೆ ವಿದೇಶೀಯರಿಗೆ ಭೂಮಿಯ ಪೂರ್ಣ ಒಡೆತನ ಸಿಗುವುದಿಲ್ಲ. ಅವರಿಗೆ ದಕ್ಕುವುದು ಗುತ್ತಿಗೆ, ಇಲ್ಲವೇ ಅವಧಿಗೆ ಒಳಪಟ್ಟ ಬಳಕೆಯ ಹಕ್ಕು. ಸ್ಥಳೀಯರ ಹೆಸರಿನಲ್ಲಿ ಕೊಳ್ಳುವ ಬೇನಾಮಿ ದಾರಿಯನ್ನು (ಅದು ನಮಗೇನೂ ಹೊಸದಲ್ಲ) ಕಾನೂನು ಒಪ್ಪುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ವಿಚಾರ. ಬಟುಕಾರು ಬೆಟ್ಟದ ತಪ್ಪಲಿನ ಈ ಮೆಟ್ಟಿಲು ಗದ್ದೆಗಳಿಗೆ ನೀರು ಹಂಚುವವರು ಸುಬಕ್ ಎಂಬ ಕೂಟದ ರೈತರೇ. ಯಾರ ಪಾಲಿಗೆ ಯಾವಾಗ ನೀರು ಎಂಬ ತೀರ್ಮಾನ ಜಲದೇಗುಲದ ಪೂಜಾಕಾಲಗಳೊಂದಿಗೆ ಹೆಣೆದುಕೊಂಡಿದೆ, ಮೇಲಿನ ಗದ್ದೆಯಿಂದ ಇಳಿದ ನೀರೇ ಕೆಳಗಿನವರನ್ನು ತಲುಪುತ್ತದೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ವ್ಯವಸ್ಥೆಯನ್ನೇ. ನಡುವೆ ವಿಲ್ಲಾವೊಂದು ಎದ್ದು ಕಾಲುವೆ ಮುಚ್ಚಿಹೋದರೆ ಕೆಳಗಿನ ಕೆಂಪಕ್ಕಿಯ ಗದ್ದೆ ಒಣಗುತ್ತದೆ, ಹೂಡಿಕೆದಾರರು ದುಬಾರಿ ಬೆಲೆ ತೆತ್ತು ಕೊಂಡ ಹಸಿರು ನೋಟವೂ ಅದರೊಂದಿಗೇ ಹೋಗುತ್ತದೆ.