ಮಳೆಯುಂಟು, ಹೊಳೆಯಿಲ್ಲ

ನಮ್ಮ ಕೊಡಗಿನಲ್ಲಿ ಜುಲೈ ತಿಂಗಳಲ್ಲಿ ತೋಟದವರು ಇಬ್ಬರು ಸೇರಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಇಂಚು?" ಊಟ ಆಯ್ತಾ ಅನ್ನೋದು ಆಮೇಲೆ. ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಅಂಥ ದಿನಗಳಲ್ಲಿ ನಾನು ಭೂಪಟ ಬಿಡಿಸಿಕೊಂಡು ಕೂರುತ್ತೇನೆ. ಈ ಮಳೆಗಾಲದಲ್ಲಿ ಕಣ್ಣಿಗೆ ಬಿದ್ದದ್ದು ಟೊಕೆಲಾವ್.

ಪೆಸಿಫಿಕ್ ಸಾಗರದ ನಡುವೆ ಉಂಗುರದ ಆಕಾರದ ಮೂರು ಹವಳದ ದ್ವೀಪಗಳು. ಅಟಾಫು, ನುಕುನೋನು, ಫಕಾಓಫೋ. ಆಡಳಿತ ನ್ಯೂಜಿಲೆಂಡಿನದ್ದು. ವಿಮಾನ ಇಲ್ಲ, ಹಡಗು ನಿಲ್ಲುವ ಬಂದರು ಕೂಡ ಇಲ್ಲ. ಸಮೋವಾದ ಅಪಿಯಾದಿಂದ ಹಡಗು ಹತ್ತಿದರೆ ಒಂದು ದಿನಕ್ಕೂ ಜಾಸ್ತಿ ಪ್ರಯಾಣ. ಸಮುದ್ರದಿಂದ ಆ ನೆಲದ ಎತ್ತರ ಎಷ್ಟಂತೀರಿ? ಹೆಚ್ಚೆಂದರೆ 5 ಮೀಟರ್ ಆಸುಪಾಸು. ನಮ್ಮ ತಡಿಯಂಡಮೋಳ್ ಬೆಟ್ಟದ ಮಾತು ಬಿಡಿ, ನಾವು ಕರಿಮೆಣಸು ಕೊಯ್ಯುವ ಏಣಿ ಅದಕ್ಕಿಂತ ಉದ್ದ!

ಹೊಳೆ, ತೋಡು ಏನೂ ಇಲ್ಲ. ಬಿದ್ದ ನೀರನ್ನೆಲ್ಲ ಹವಳದ ನೆಲ ಹೀರಿಬಿಡುತ್ತದೆ. ಅದಕ್ಕೇ ಸೂರಿನಿಂದ ಇಳಿಯುವ ಮಳೆನೀರನ್ನು ಟ್ಯಾಂಕಿಗೆ ಹಿಡಿದು ಕುಡಿಯುತ್ತಾರೆ. 2011ರಲ್ಲಿ ಮಳೆ ಕೈಕೊಟ್ಟು ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಕುಡಿಯುವ ನೀರು ಹಡಗಲ್ಲಿ ಬಂತು. ನಾವಿಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡವೇ ಕುಸಿದದ್ದು ಕಂಡವರು, ಮೋಡ ಕಂಡರೆ ಬೈಯುತ್ತೇವೆ. ಅವರು ಕಾಯುತ್ತಾರೆ. ಕರೆಂಟಿನ ವಿಷಯದಲ್ಲಿ ಮಾತ್ರ ನನಗೆ ಹೊಟ್ಟೆಕಿಚ್ಚು. 2012ರಲ್ಲೇ ಮೂರೂ ಕಡೆ ಸೋಲಾರ್ ಹಾಕಿಸಿಕೊಂಡು ಡೀಸೆಲ್ ಪೀಪಾಯಿಗಳ ಕಾಟವನ್ನು ಬಹುಮಟ್ಟಿಗೆ ಕಳೆದುಕೊಂಡರು.

ತೆಂಗು, ಜೀಗುಜ್ಜೆ, ಹಂದಿ, ಮೀನು. ಊಟ ನಮಗೇನೂ ಹೊಸದಲ್ಲ. ಹೊಸದು ಅಂದರೆ ಇನಾತಿ. ಊರಿನವರು ಸೇರಿ ಹಿಡಿದ ಮೀನನ್ನು ಒಂದೆಡೆ ತಂದು ಸಾಲಾಗಿ ಪಾಲು ಹಾಕುತ್ತಾರೆ. ಲೆಕ್ಕ ತಲೆಗಿಷ್ಟು ಅಂತ. ದೋಣಿ ಹತ್ತಿದವನಿಗೂ ಅಷ್ಟೇ, ಹಾಸಿಗೆ ಹಿಡಿದ ಅಜ್ಜಿಗೂ ಅಷ್ಟೇ, ತೊಟ್ಟಿಲ ಕೂಸಿಗೂ ಅಷ್ಟೇ. ಕೂಸು ಮೀನು ತಿನ್ನುತ್ತಾ ಅಂತ ಯಾರೂ ಕೇಳಲ್ಲ. ನಮ್ಮಲ್ಲಾಗಿದ್ದರೆ ದೊಡ್ಡ ಮೀನು ಯಾರ ಬಲೆಗೆ ಬಿತ್ತು ಅಂತಲೇ ಜಗಳ ಶುರುವಾಗಿ ಬೇಲಿವರೆಗೂ ಹೋಗಿರುತ್ತಿತ್ತು, ಅಲ್ವಾ?

ಇಷ್ಟಿದ್ದೂ ಅಲ್ಲಿನ ಹುಡುಗರು ಊರಲ್ಲಿ ನಿಲ್ಲುವುದಿಲ್ಲ. ದ್ವೀಪಗಳಲ್ಲಿ ಇರುವವರು ಸುಮಾರು 1500 ಜನ. ನ್ಯೂಜಿಲೆಂಡಿನಲ್ಲಿರುವ ಟೊಕೆಲಾವ್ ಮೂಲದವರು ಅದರ ಹಲವು ಪಟ್ಟು. ಓದು, ಕೆಲಸ, ಆಸ್ಪತ್ರೆ, ಕಾರಣಗಳೆಲ್ಲ ನಮ್ಮವೇ. ಅವರು ಹಡಗಿಗೆ ಕಾಯಬೇಕು. ನಮ್ಮ ಮಕ್ಕಳಿಗೆ ಬೆಂಗಳೂರಿನ ರಾತ್ರಿ ಬಸ್ಸು ದಿನಾ ಇದೆ.